ದೊಡ್ಡಮ್ಮ ಕೂತ ಮೇಲೆ ಅಳತೆ

ಶನಿವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಎಲ್ಲ ಕೆಟ್ಟಿತು. ನಮ್ಮ ಮನೆಯ ಉಳಿದವರು ಇದನ್ನು ಒಪ್ಪುವುದಿಲ್ಲ. ಭಾನುವಾರ ಮಧ್ಯಾಹ್ನ, ಕೋತಗಿರಿ ಘಾಟಿಯ ತಿರುವಿನಲ್ಲಿ ಕೆಟ್ಟದ್ದು ಅನ್ನುತ್ತಾರೆ. ನನ್ನ ಪ್ರಕಾರ ಹಾಲು ಕೆಡುವುದು ಒಲೆಯ ಮೇಲೆ ಚೆಲ್ಲಿದಾಗ ಅಲ್ಲ, 'ಇನ್ನೂ ಹೊತ್ತಿದೆ' ಎಂದು ನಾವು ಅದಕ್ಕೆ ಬೆನ್ನು ತಿರುಗಿಸಿದಾಗ. ಶನಿವಾರ ಹತ್ತು ಇಪ್ಪತ್ತಕ್ಕೆ, ಗಾಂಧಿಪುರಂ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯ ಸೆಲ್ವರಾಜನ ಶೆಡ್ಡಿನಲ್ಲಿ, ನಮ್ಮ ಯಜಮಾನರು ತಮ್ಮ ಕಾರಿನ ಹೊಸ ಟೈರಿಗೂ ಅದರ ಮೇಲಿನ ಮಡ್‌ಗಾರ್ಡಿಗೂ ನಡುವೆ ಒಂದು ಬೆರಳು ತೂರಿಸಿ, ಮುಖ ಅರಳಿಸಿ, "ಹೋಗುತ್ತೆ! ಒಂದು ಬೆರಳು ಸಲೀಸಾಗಿ ಹೋಗುತ್ತೆ!" ಎಂದು ಕೂಗಿದರು. ಆ ಬೆರಳು ಕಿರುಬೆರಳು ಎಂಬುದನ್ನು ನಾನು ನೋಡಿದೆ. ಅವರು ಆಳೇ ಕಡ್ಡಿ. ಅವರ ಕಿರುಬೆರಳೆಂದರೆ ಹೆಚ್ಚುಕಡಿಮೆ ಬೆಂಕಿಕಡ್ಡಿ.

ಮೊದಲು ಕಾರಿನ ವಿಷಯ ಹೇಳಿಬಿಡುತ್ತೇನೆ. ನಮ್ಮದು ಹಳೆಯ ಫಿಯಟ್. ಎರಡನೇ ಕೈಯದ್ದು, ಹಾಲಿನ ಕೆನೆಯ ಬಣ್ಣದ್ದು, ಯಾರ ತಂಟೆಗೂ ಹೋಗದ ಸ್ವಭಾವದ್ದು. ನಮ್ಮ ಯಜಮಾನರು ನೂಲಿನ ಗಿರಣಿಯಲ್ಲಿ ಸೂಪರ್‌ವೈಸರು. ಒಂದು ದಿನ ಅವಿನಾಶಿ ರಸ್ತೆಯಲ್ಲಿ ರ‍್ಯಾಲಿಯ ಕಾರುಗಳು ಸಾಲಾಗಿ ಹೋದದ್ದನ್ನು ನೋಡಿ ಬಂದವರು ಆ ರಾತ್ರಿ ಊಟ ಬಿಟ್ಟರು. ನೆಲಕ್ಕೆ ಅಂಟಿಕೊಂಡು ಓಡುವ ಆ ಕಾರುಗಳ ಮುಂದೆ ನಮ್ಮದು ಸೀರೆ ಎತ್ತಿ ಹಿಡಿದು ನೀರು ದಾಟುವ ಹೆಂಗಸಿನ ಹಾಗೆ ಕಾಣುತ್ತದಂತೆ. ಮಾರನೆಯ ವಾರ ಸೆಲ್ವರಾಜ ಸ್ಪ್ರಿಂಗುಗಳನ್ನು ಕತ್ತರಿಸಿ ಕಾರನ್ನು ಎರಡು ಇಂಚು ಕೆಳಕ್ಕಿಳಿಸಿದ. ಪಕ್ಕದ ಮನೆಯ ಕೋಳಿಯೊಂದು ನಮ್ಮ ಕಾರಿನ ಅಡಿಯಲ್ಲಿ ಮೊಟ್ಟೆ ಇಡುತ್ತಿತ್ತು. ಅದು ಬಂದು, ಬಗ್ಗಿ, ಎರಡು ಸಲ ಒಳಗೆ ತೂರಲು ನೋಡಿ, ನಮ್ಮನ್ನೊಮ್ಮೆ ದುರುಗುಟ್ಟಿ ಹೊರಟುಹೋಯಿತು. ಅತ್ತೆ ಕಾರಿಗೆ ಹತ್ತುವಾಗ ಎಲೆಯ ಮುಂದೆ ಊಟಕ್ಕೆ ಕೂರುವ ಹಾಗೆ ಕೂರಬೇಕಾಯಿತು. "ಏನ್ ಕಣ್ಣು, ವಂಡಿ ಇಷ್ಟು ಕೀಳೆ ಹೋಗೈತೆ? ಕಾಯಿಲೆಯಾ?" ಎಂದು ನನ್ನನ್ನು ಕೇಳಿದರು. 'ಕಣ್ಣು' ಅಂದರೆ ಮುದ್ದಿನ ಕರೆ, 'ವಂಡಿ' ಗಾಡಿ, 'ಕೀಳೆ' ಕೆಳಗೆ. ನಾನು ಮೈಸೂರಿನಿಂದ ಬಂದ ಸೊಸೆ. ತಲೆಮಾರುಗಳಿಂದ ಕೊಯಮತ್ತೂರಿನಲ್ಲೇ ಇರುವ ಈ ಮನೆಯವರ ತಮಿಳು ಬೆರೆತ ಕನ್ನಡಕ್ಕೆ ಅಷ್ಟು ಹೊತ್ತಿಗೆ ನಾನು ಒಗ್ಗಿಕೊಂಡಿದ್ದೆ. ಅವರ ಕಾರಿಗೆ ಒಗ್ಗಿಕೊಳ್ಳುವುದಷ್ಟೇ ಬಾಕಿಯಿತ್ತು.

ಕಾರು ತಗ್ಗಿದ ಮೇಲೆ ಹಳೆಯ ಸಣಕಲು ಚಕ್ರಗಳು ಹೊಂದುವುದಿಲ್ಲ ಎಂಬ ಮಾತು ಬಂತು. ಅಲ್ಲಿಂದ ನಮ್ಮ ಊಟದ ಹೊತ್ತೆಲ್ಲ ಸಂಖ್ಯೆಗಳ ಹೊತ್ತಾಯಿತು. ಇದ್ದದ್ದು ಹದಿನಾಲ್ಕು ಇಂಚಿನ ರಿಮ್ಮು. ಬೇಕಾದದ್ದು ಹದಿಮೂರು ಇಂಚಿನ ಅಗಲ ರಿಮ್ಮು. ಅದನ್ನು ಪೀಳಮೇಡಿನ ಒಂದು ಫೌಂಡ್ರಿಯವರು ಅಲ್ಯೂಮಿನಿಯಂನಲ್ಲಿ ಎರಕ ಹೊಯ್ದು ಕೊಡುತ್ತಾರೆ. ಅದಕ್ಕೆ ಟೈರು ಎಷ್ಟು ಮಿಲಿಮೀಟರ್ ಅಗಲ? ನೂರ ಅರವತ್ತೈದೋ, ನೂರ ಎಪ್ಪತ್ತೈದೋ, ನೂರ ಎಂಬತ್ತೈದೋ? ಯಜಮಾನರಿಗೆ ಎಂಬತ್ತೈದರ ಮೇಲೆ ಮನಸ್ಸು. "ಕಾಲು ಅಗಲವಾಗಿ ಊರಿ ನಿಂತವನನ್ನು ಯಾರೂ ಬೀಳಿಸೋಕಾಗಲ್ಲ" ಎಂಬುದು ಅವರ ವಾದ. ಹೆಣ್ಣುಮಕ್ಕಳ ಕಾಲೇಜಿನಲ್ಲಿ ಗಣಿತ ಕಲಿಸುವ ನಾನು ಸುಮ್ಮನಿರುತ್ತೇನೆಯೇ? ರಿಮ್ಮು ಒಂದು ಇಂಚು ಕಿರಿದಾದರೆ ಟೈರಿನ ಗೋಡೆ ಎಷ್ಟು ಎತ್ತರವಾಗಬೇಕು, ಆಗ ಸುತ್ತಳತೆ ಎಷ್ಟು, ವೇಗದ ಮುಳ್ಳು ಎಷ್ಟು ಸುಳ್ಳು ಹೇಳುತ್ತದೆ ಎಂದೆಲ್ಲ ಲೆಕ್ಕ ಮಾಡಿಕೊಟ್ಟೆ. ನೂರ ಎಪ್ಪತ್ತೈದಕ್ಕೆ ರಾಜಿಯಾಯಿತು. ಗಂಡಹೆಂಡತಿ ಇಷ್ಟು ಒಮ್ಮತದಿಂದ ಒಂದು ತೀರ್ಮಾನಕ್ಕೆ ಬಂದದ್ದು ಅದೇ ಮೊದಲು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಅಗಲದ ಟೈರು ಹೊರಕ್ಕೆ ಚಾಚಿತ್ತು, ತಗ್ಗಿದ ಮೈ ಕೆಳಕ್ಕೆ ಇಳಿದಿತ್ತು. ಇವೆರಡೂ ಎಲ್ಲಾದರೂ ಭೇಟಿಯಾಗಲೇಬೇಕಲ್ಲ, ಆ ಭೇಟಿಯ ಜಾಗದಲ್ಲೇ ನಮ್ಮವರ ಕಿರುಬೆರಳು ಸಲೀಸಾಗಿ ಓಡಾಡಿದ್ದು. "ಸಾರ್, ಒಣ್ಣುಂ ಆಗಾದುಂಗ" ಎಂದ ಸೆಲ್ವರಾಜ. ಏನೂ ಆಗುವುದಿಲ್ಲವಂತೆ. ತನ್ನ ಮಾತಿಗೆ ತಾನೇ ತಲೆದೂಗುವ ಆಸಾಮಿ. ಯಾರಾದರೂ ಒಳಗೆ ಕೂತ ಮೇಲೆ ಇನ್ನೊಮ್ಮೆ ನೋಡೋಣವೇ ಎಂದು ನಾನು ಕೇಳಿದೆ. ಇಬ್ಬರು ಗಂಡಸರೂ ನನ್ನನ್ನು ನೋಡಿದ ರೀತಿಗೆ, ಗರ್ಭಗುಡಿಗೆ ಚಪ್ಪಲಿ ಹಾಕಿಕೊಂಡು ಹೋಗಲೇ ಎಂದು ಕೇಳಿದೆನೇನೋ ಅನ್ನಿಸಿತು. ಈ ಮನೆಯಲ್ಲಿ ಒಂದು ಪದ್ಧತಿ. ಗಾಡಿಗೆ ಹೊಸದೇನಾದರೂ ಹಾಕಿಸಿದರೆ, ಪೂಜೆಯಾಗುವ ತನಕ ಓಡಿಸುವವನ ಹೊರತು ಇನ್ನೊಬ್ಬರು ಅದರಲ್ಲಿ ಕೂರಬಾರದು. ಪೂಜೆಯಾದ ಮೇಲಿನ ಮೊದಲ ಸವಾರಿಯಲ್ಲಿ ಒಂದು ಸೀಟೂ ಖಾಲಿ ಇರಬಾರದು, ಡಿಕ್ಕಿ ಕೂಡ. ಖಾಲಿ ಜಾಗದಲ್ಲಿ ಬೇಡದವರು ಬಂದು ಕೂರುತ್ತಾರಂತೆ. ಹಾಗಾಗಿ ನಮ್ಮ ಕಾರಿನ ಅಳತೆಯೆಲ್ಲ ಕಡ್ಡಿಯಂಥ ಒಬ್ಬ ಮನುಷ್ಯನ ತೂಕಕ್ಕೆ ಆಯಿತು, ಸವಾರಿ ಮಾತ್ರ ಇಡೀ ಬಳಗದ ತೂಕಕ್ಕೆ.

ಬಳಗ ಎಂದರೆ ಮುಖ್ಯವಾಗಿ ಸೋಮನೂರಿನ ದೊಡ್ಡಮ್ಮ. ಅತ್ತೆಯ ಅಕ್ಕ. ಅಲ್ಲಿ ಅವರದ್ದು ಪವರ್‌ಲೂಮ್ ಶೆಡ್ಡು. ಇಪ್ಪತ್ತು ಮಗ್ಗ ಒಟ್ಟಿಗೆ ಬಡಿದುಕೊಳ್ಳುವ ಗದ್ದಲದ ಮೇಲೆ ಮಾತಾಡಿ ಮಾತಾಡಿ ದೊಡ್ಡಮ್ಮ ಪಿಸುಗುಟ್ಟಿದರೂ ಬೀದಿಗೆ ಕೇಳುತ್ತದೆ. ದೇಹವೂ ಆ ಧ್ವನಿಗೆ ತಕ್ಕಂತೆಯೇ. ದೊಡ್ಡಪ್ಪ ಇದ್ದಾರೆ, ಆದರೆ ಅವರು ಇದ್ದಾರೆ ಎಂದು ಯಾರಾದರೂ ಹೇಳಬೇಕು. ಭಾನುವಾರ ಬೆಳಿಗ್ಗೆ ಮೆಟ್ಟುಪಾಳ್ಯಂನ ಹತ್ತಿರ ಬೆಟ್ಟದ ಬುಡದ ಅಮ್ಮನ ಗುಡಿಯ ಮುಂದೆ ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು, ಕುಂಬಳಕಾಯಿ ಒಡೆದು, ಅದುವರೆಗೆ ಬಸ್ಸಿನಲ್ಲಿ ಹಿಂದೆ ಬಂದಿದ್ದ ನಾವೆಲ್ಲರೂ ಕಾರಿಗೆ ಹತ್ತಿದೆವು. ಮುಂದೆ ಯಜಮಾನರು, ದೊಡ್ಡಪ್ಪ. ಹಿಂದೆ ಎಡಕ್ಕೆ ಅತ್ತೆ, ಬಲಕ್ಕೆ ದೊಡ್ಡಮ್ಮ, ನಡುವೆ ನಾನು, ಪುಸ್ತಕದೊಳಗೆ ಇಟ್ಟ ಎಲೆಯ ಹಾಗೆ. ಕೋತಗಿರಿಯ ನೆಂಟರ ಮನೆಯಲ್ಲಿ ಊಟ. ಘಾಟಿ ಹತ್ತುವಾಗ ಎರಡು ಸಲ ಎಲ್ಲೋ ಕರ್ರೆಂದಿತು. "ಹೊಸದಲ್ಲವಾ, ಒಗ್ಗಿಕೊಳ್ತಾ ಐತೆ" ಎಂದರು ಯಜಮಾನರು. ನೆಂಟರಿಗೆಂದು ಡಿಕ್ಕಿಯಲ್ಲಿ ಒಯ್ದಿದ್ದ ತೆಂಗಿನಕಾಯಿಯ ಚೀಲ ಅಲ್ಲೇ ಇಳಿಯಿತು; ಊಟ ಮುಗಿಸಿ ಘಾಟಿ ಇಳಿಯುವಾಗ ಡಿಕ್ಕಿ ಖಾಲಿ ಇರಬಾರದೆಂದು ಆಲೂಗೆಡ್ಡೆಯ ಮೂಟೆಯೊಂದನ್ನು ಹಾಕಿಸಿದರು.

ಮುಂದಿನದನ್ನು ನಾನು ಎಷ್ಟೋ ಸಲ ಕಣ್ಣ ಮುಂದೆ ಓಡಿಸಿ ನೋಡಿದ್ದೇನೆ. ಬಲಕ್ಕೆ ಪೂರ್ತಿ ಮಡಚಿದ ಒಂದು ತಿರುವು. ಯಜಮಾನರು ಬ್ರೇಕ್ ಒತ್ತಿದರು. ಇಳಿಜಾರಿನಲ್ಲಿ ತುಂಬಿದ ಕಾರು ಬ್ರೇಕಿಗೆ ಮೂಗು ಬಗ್ಗಿಸುತ್ತದೆ. ಅವರು ಸ್ಟೀರಿಂಗನ್ನು ಪೂರ್ತಿ ತಿರುಗಿಸಲು ಹೊರಟರು. ಕಿರುಬೆರಳಿನ ಸಂದು ಆ ಕ್ಷಣಕ್ಕೆ ಮುಚ್ಚಿಹೋಯಿತು. ಮಡ್‌ಗಾರ್ಡಿನ ಅಂಚು ಟೈರನ್ನು ಕಚ್ಚಿ ಹಿಡಿಯಿತು. ರಬ್ಬರು ಸುಟ್ಟ ವಾಸನೆ ಬಂತು. ಸ್ಟೀರಿಂಗು ಅರ್ಧಕ್ಕೆ ನಿಂತಿತು, ರಸ್ತೆ ಬಲಕ್ಕೆ ಹೋಯಿತು, ನಾವು ನೇರಕ್ಕೆ ಹೋದೆವು. ಎಡ ಮುಂಚಕ್ರ ಅಂಚಿನಾಚೆ ಇಳಿಯಿತು, ಕೂಡಲೇ ಕಾರಿನ ಹೊಟ್ಟೆ ಧಡ್ಡನೆ ನೆಲಕ್ಕೆ ಬಡಿದು, ಕೆರೆಯಂಗಳದಲ್ಲಿ ಎಮ್ಮೆ ಕೂತ ಹಾಗೆ ಕೂತುಬಿಟ್ಟಿತು. ಎಂಜಿನ್ ನಿಂತಿತು. ಕಾರು ಒಮ್ಮೆ ಮುಂದಕ್ಕೆ ತೂಗಿತು, ಹಿಂದಕ್ಕೆ ಬಂತು.

ಆಗಿನ ನಿಶ್ಶಬ್ದವನ್ನು ಹೇಗೆ ಹೇಳಲಿ? ಮುಂದಿನ ಗಾಜಿನ ತುಂಬ ಬರೀ ಬಯಲು. ನೆಲವೇ ಕಾಣದು. ಬಹಳ ಕೆಳಗೆ ಭವಾನಿ ಹೊಳೆ ಯಾರೋ ಮರೆತು ಬಿಟ್ಟ ನೂಲಿನ ಎಳೆಯ ಹಾಗೆ ಬಿದ್ದಿತ್ತು. ಒಂದು ಹದ್ದು ನಮ್ಮ ಕಾಲಿಗಿಂತ ಕೆಳಗೆ ಹಾರುತ್ತಿತ್ತು. ಹದ್ದಿನ ಬೆನ್ನನ್ನು ನಾನು ನೋಡಿದ್ದು ಜೀವಮಾನದಲ್ಲಿ ಅದೊಂದೇ ಸಲ. ಅದು ಎಷ್ಟು ಚಂದವಿತ್ತೆಂದರೆ ಹೆದರಿಕೆಯ ನಡುವೆಯೂ ನನಗೆ ಕೈ ಮುಗಿಯಬೇಕೆನಿಸಿತು. ಆದರೆ ಅಲ್ಲಾಡುವ ಧೈರ್ಯ ಬರಲಿಲ್ಲ.

ಯಜಮಾನರು ತಮ್ಮ ಕಡೆಯ ಬಾಗಿಲಿನಿಂದ ಜಾರಿ ಇಳಿದು, ದೊಡ್ಡಪ್ಪನನ್ನೂ ಅದೇ ಬಾಗಿಲಿನಿಂದ ಎಳೆದುಕೊಂಡರು. ಮೂಗು ಹಗುರಾಯಿತು. ನಾವು ಮೂವರು ಹೆಂಗಸರು ಹಿಂದೆ ಉಳಿದೆವು. ಯಜಮಾನರು ಒಡೆದ ದನಿಯಲ್ಲಿ, "ದೊಡ್ಡಮ್ಮಾ, ಅಲ್ಲಾಡಬೇಡಿ! ದಯವಿಟ್ಟು ಅಲ್ಲಾಡಬೇಡಿ! ನೀವು ಕೂತಿರೋದ್ರಿಂದಲೇ ಹಿಂದಿನ ಭಾಗ ನೆಲ ಹಿಡಿದಿರೋದು!" ಎಂದು ಕೂಗಿದರು. ಅದೇ ಹೊತ್ತಿಗೆ ದೊಡ್ಡಪ್ಪ ಏನಾದರೂ ಉಪಕಾರ ಮಾಡಬೇಕೆಂದು ಡಿಕ್ಕಿ ತೆಗೆದು ಆಲೂಗೆಡ್ಡೆಯ ಮೂಟೆಗೆ ಕೈ ಹಾಕಿದ್ದರು. ಕಾರು ಮೆಲ್ಲಗೆ ಮುಂದಕ್ಕೆ ಬಾಗಿತು.

"ಉರುಳಗೆಡ್ಡೆ ಬಿಡ್ರೀ!" ಎಂದು ದೊಡ್ಡಮ್ಮ ಗರ್ಜಿಸಿದರು. ಆ ಧ್ವನಿ ಎದುರಿನ ಬೆಟ್ಟಕ್ಕೆ ಹೋಗಿ ಹಿಂದಕ್ಕೆ ಬಂತು. ದೊಡ್ಡಪ್ಪ ಮೂಟೆ ಬಿಟ್ಟು ಕೈ ಕಟ್ಟಿ ನಿಂತರು. ಬಹುಶಃ ಮದುವೆಯಾದಾಗಿನಿಂದ ಅವರು ಹಾಗೇ ನಿಂತಿದ್ದಾರೆ.

"ಅಕ್ಕಾ, ಭಯ ಆಗುತ್ತಕ್ಕಾ," ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡು.

"ಕಣ್ಣು ತೆಗಿ. ಮುಚ್ಕೊಂಡ್ರೆ ಏನು, ಭಾರ ಜಾಸ್ತಿ ಆಗುತ್ತಾ?" ಎಂದ ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡರು. ಅವರ ಕೈ ಬೆಚ್ಚಗಿತ್ತು. "ಹುಟ್ಟಿದಾಗಿಂದ ಎಲ್ಲಾರೂ ನನಗೆ 'ಕೊಂಚ ಸರಿ, ಕೊಂಚ ಸರಿ' ಅಂತಲೇ ಹೇಳಿದ್ದು ಕಣ್ಣು. ಬಸ್ಸಲ್ಲಿ, ಮದುವೆ ಪಂಕ್ತೀಲಿ, ನಮ್ಮ ಮಗ್ಗದ ಸಂದೀಲಿ. ಅಲ್ಲಾಡಬೇಡ ಅಂತ ಒಬ್ಬರು ಕೇಳಿಕೊಂಡಿದ್ದು ಇವತ್ತೇ. ನಾನು ಅಲ್ಲಾಡ್ತೀನಾ?"

ನಾನೂ ಉಸಿರು ಬಿಗಿಹಿಡಿದು, ಆದಷ್ಟು ಭಾರವಾಗಿ ಕೂರಲು ಪ್ರಯತ್ನಪಟ್ಟೆ. ದೊಡ್ಡಮ್ಮ ನನ್ನನ್ನು ಕಂಡು, "ನೀನು ಆರಾಮಾಗಿ ಉಸಿರಾಡು, ನಿನ್ನಿಂದ ಏನೂ ಆಗಲ್ಲ" ಎಂದರು. ಅಷ್ಟು ನಿಜವಾದ ಸಮಾಧಾನದ ಮಾತನ್ನು ನಾನು ಆಮೇಲೆ ಕೇಳಿಲ್ಲ. ಬರುವ ಬಸ್ಸನ್ನು ಕಾಯುತ್ತ ಅವರು ತಮ್ಮ ಶೆಡ್ಡಿನ ಮೋಟಾರು ಸುಟ್ಟದ್ದು, ಹೊಸ ಸೀರೆಯ ಅಂಚಿಗೆ ಬಣ್ಣ ನಿಲ್ಲದೇ ಹೋದದ್ದು ಎಲ್ಲವನ್ನೂ ಹೇಳಿದರು. ಅವರ ಬೆನ್ನು ಮಾತ್ರ ಸೀಟಿನಿಂದ ಒಂದು ಎಳೆಯಷ್ಟೂ ಕದಲಲಿಲ್ಲ. ಕೆಳಗೆ ಅಷ್ಟು ದೊಡ್ಡ ಪಾತಾಳ, ಪಕ್ಕದಲ್ಲಿ ಅಷ್ಟು ದೊಡ್ಡ ನೆಮ್ಮದಿ. ಯಾವುದು ಹೆಚ್ಚು ಆಶ್ಚರ್ಯ ಎಂದು ನನಗೆ ಇಂದಿಗೂ ಹೇಳಲಾಗದು.

ಬಸ್ಸು ಬಂತು. ಹಗ್ಗ ಬಂತು. ಪ್ರಯಾಣಿಕರೆಲ್ಲ ಇಳಿದು ಹಿಂದಿನ ಬಂಪರಿಗೆ ಹಗ್ಗ ಕಟ್ಟಿದರು. ಹೆಂಗಸರು ಮೊದಲು ಇಳಿಯಲಿ ಎಂದ ಕಂಡಕ್ಟರನಿಗೆ ದೊಡ್ಡಮ್ಮ ತಮಿಳಿನಲ್ಲಿ, ತಾನು ಎದ್ದರೆ ಇದೂ ಎದ್ದು ಹೋಗುತ್ತದೆ, ಸುಮ್ಮನೆ ಎಳೆಯಪ್ಪ ಎಂದು ಆಜ್ಞೆ ಮಾಡಿದರು. ನಮ್ಮನ್ನು ಕೂರಿಸಿಕೊಂಡೇ ಕಾರು ರಸ್ತೆಗೆ ಬಂತು. ಇಳಿದ ಮೇಲೆ ದೊಡ್ಡಮ್ಮ ಎರಡು ಹೆಜ್ಜೆ ಹಾಕಿ ರಸ್ತೆಯಲ್ಲೇ ಕೂತುಬಿಟ್ಟರು. ಆಗ ನನಗೆ ತಿಳಿಯಿತು, ಅವರಿಗೂ ಹೆದರಿಕೆಯಾಗಿತ್ತು. ಅದನ್ನೂ ಅವರು ಅಲ್ಲಾಡಲು ಬಿಟ್ಟಿರಲಿಲ್ಲ.

ಮನೆಗೆ ಬಂದ ಮೇಲೆ ಯಾರಿಗೂ ನಿದ್ದೆಯಿಲ್ಲ. ಯಜಮಾನರು ನಿದ್ದೆಗಣ್ಣಿನಲ್ಲಿ ಬ್ರೇಕ್ ಒತ್ತುತ್ತಿದ್ದರು. ಅವರ ಬ್ರೇಕು ನನ್ನ ಮೊಣಕಾಲಾಗಿತ್ತು. ನನಗೆ ಸುಟ್ಟ ರಬ್ಬರಿನ ವಾಸನೆ ಬಂದು ಎಚ್ಚರವಾಗುತ್ತಿತ್ತು. ಅತ್ತೆ ಗೋಡೆ ಹಿಡಿದುಕೊಂಡೇ ಮಲಗುತ್ತಿದ್ದರು. ಆ ಚಕ್ರ ಬಿಚ್ಚಿ, ಕಾರನ್ನು ಮೊದಲಿನ ಎತ್ತರಕ್ಕೆ ತರುವ ತನಕ ನಾನು ಅದರಲ್ಲಿ ಕೂರುವುದಿಲ್ಲ ಎಂದೆ. ಯಜಮಾನರು ತಮ್ಮ ಪಾಯಿಂಟು ಬಿಡಲಿಲ್ಲ. "ಹೊಟ್ಟೆ ಕೆಳಗಿತ್ತು, ಅದಕ್ಕೇ ನೆಲ ಸಿಕ್ಕಿತು. ಹಳೇ ಎತ್ತರದಲ್ಲಿದ್ದಿದ್ರೆ ಸೀದಾ ಹೊಳೆಗೆ. ತಗ್ಗಿಸಿದ್ದರಿಂದಲೇ ನೀವೆಲ್ಲ ಬದುಕಿದ್ದು!" ಎನ್ನುತ್ತಿದ್ದರು. ಇದು ತರ್ಕದ ಪ್ರಕಾರ ಸರಿಯಾಗಿತ್ತು. ಅದೇ ನನ್ನನ್ನು ಹೆಚ್ಚು ಉರಿಸಿತು. ಮನೆಯಲ್ಲಿ ಮಾತು ಕಡಿಮೆಯಾಯಿತು, ಅಗಲದ ಚಕ್ರಗಳ ಮೇಲೆ ಕಾರು ಅಂಗಳದಲ್ಲಿ ಉಬ್ಬಿಕೊಂಡು ಕೂತಿತ್ತು.

ಕೊನೆಗೆ ದೊಡ್ಡಮ್ಮ ಸೋಮನೂರಿನಿಂದ ಬಸ್ಸಿನಲ್ಲಿ ಬಂದರು. ಅಂಗಳದಲ್ಲೇ ನಿಂತು ಯಜಮಾನರನ್ನು ಕೂಗಿ, "ಏಯ್ ಮುರಳಿ, ಖಾಲಿ ಮಗ್ಗ ಓಡಿಸಿ ಸೀರೆ ಚೆನ್ನಾಗೈತೆ ಅಂತ ಯಾರಾದ್ರೂ ಹೇಳ್ತಾರಾ? ಬಾ, ಈಗ ನಿನ್ನ ಬೆರಳು ಹಾಕು" ಎಂದು ಹಿಂದಿನ ಸೀಟಿನಲ್ಲಿ ಹೋಗಿ ಕೂತರು. ನನ್ನನ್ನೂ ಅತ್ತೆಯನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಜೊತೆಗೆ ಬಂದಿದ್ದ ದೊಡ್ಡಪ್ಪ ಹೇಳಿಸಿಕೊಳ್ಳದೆ ಮುಂದೆ ಕೂತರು. ಯಜಮಾನರು ಸ್ಟೀರಿಂಗನ್ನು ಪೂರ್ತಿ ತಿರುಗಿಸಿಟ್ಟು, ಕಿರುಬೆರಳು ಚಾಚಿಕೊಂಡು ಮುಂಚಕ್ರದ ಪಕ್ಕ ಮಂಡಿಯೂರಿದರು. ಬೆರಳು ಹೋಗಲಿಲ್ಲ. ಉಗುರು ಹೋಗಲಿಲ್ಲ. ಅತ್ತೆಯ ಪೂಜೆಯ ತಟ್ಟೆಯಿಂದ ಊದುಬತ್ತಿಯ ಕಡ್ಡಿ ತಂದರು. ಅದೂ ಹೋಗಲಿಲ್ಲ. ಅವರು ಕಡ್ಡಿ ಹಿಡಿದುಕೊಂಡೇ ಕಿಟಕಿಯ ಹತ್ತಿರ ಬಂದು, ದೊಡ್ಡಮ್ಮನ ಮೊಣಕೈ ಮುಟ್ಟಿ, "ನಿಮ್ಮನ್ನೆಲ್ಲ ಇದರಲ್ಲಿ ಕೂರಿಸಿದ್ದೆನಲ್ಲ" ಎಂದರು.

"ಸರಿ ಬಿಡು. ನನ್ನ ಎದ್ದೇಳಿಸು ಮೊದಲು. ಇಷ್ಟು ತಗ್ಗಿನಿಂದ ನನ್ನ ಎತ್ತೋಕೆ ಇನ್ನೊಂದು ಬಸ್ಸು ಜನ ಬೇಕು," ಎಂದರು ದೊಡ್ಡಮ್ಮ.

ಅದೇ ವಾರ, ಶುಕ್ರವಾರ, ಸೆಲ್ವರಾಜ ಹೊಸ ಸ್ಪ್ರಿಂಗು ಹಾಕಿ, ಹಳೆಯ ಸಣಕಲು ಚಕ್ರಗಳನ್ನು ಜೋಡಿಸಿದ. ಅವನ ಶೆಡ್ಡಿನಲ್ಲಿ ಕಾರಿನೊಳಗೆ ದೊಡ್ಡಮ್ಮ ಕಾಫಿ ಕುಡಿಯುತ್ತ ಕೂತ ಮೇಲೆಯೇ ಅಳತೆ. ಈ ಸಲ ಪದ್ಧತಿಯ ಮಾತು ಯಾರೂ ಎತ್ತಲಿಲ್ಲ. ಯಜಮಾನರ ಇಡೀ ಅಂಗೈ ಹೋಯಿತು. ಸೆಲ್ವರಾಜ, ತಾನು ಮೊದಲೇ ಹೇಳಿದ್ದೆನಲ್ಲ ಎಂದು ತಲೆದೂಗಿದ. ಅಗಲದ ರಿಮ್ಮುಗಳು ಫೌಂಡ್ರಿಗೆ ವಾಪಸು ಹೋಗಿ ಕರಗಿದವು. ಯಾವುದೋ ಮನೆಯಲ್ಲಿ ಈಗ ಅವು ಬಾಣಲೆಯಾಗಿ ಬೋಂಡ ಕರಿಯುತ್ತಿರಬಹುದು. ದೇವರು ಅವಕ್ಕೆ ಒಳ್ಳೆಯದು ಮಾಡಲಿ.

ಆ ಶುಕ್ರವಾರ ರಾತ್ರಿ ಮನೆಯಲ್ಲಿ ಯಾರೂ ಬ್ರೇಕ್ ಒತ್ತಲಿಲ್ಲ, ಗೋಡೆ ಹಿಡಿಯಲಿಲ್ಲ. ನನಗೆ ಎಚ್ಚರವಾದಾಗ ಬಿಸಿಲು ಅಂಗಳಕ್ಕೆ ಬಂದಿತ್ತು. ಅತ್ತೆಯ ಗೊರಕೆಗೆ ಯಜಮಾನರ ಗೊರಕೆ ಉತ್ತರ ಕೊಡುತ್ತಿತ್ತು. ನಾನು ಹೊರಗೆ ಬಂದೆ. ಎತ್ತರಕ್ಕೆ ನಿಂತಿದ್ದ ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ಎಷ್ಟು ಜಾಗವಿದೆಯೆಂದು, ಗಣಿತದವಳ ಚಟ ಬಿಡಬೇಕಲ್ಲ, ಬಗ್ಗಿ ನೋಡದೆ ಅಂಗೈ ಒಳಗೆ ತೂರಿಸಿದೆ. ಪಕ್ಕದ ಮನೆಯ ಕೋಳಿ ನನಗಿಂತ ಮೊದಲೇ ಬಂದು ಅಳತೆ ನೋಡಿ, ತೃಪ್ತಿಯಾಗಿ ಕೂತಿತ್ತು. ನನ್ನ ಕೈಯನ್ನು ಚೆನ್ನಾಗಿ ಕುಕ್ಕಿ, ಇನ್ನು ಈ ಲೆಕ್ಕಕ್ಕೆ ನೀನು ಬರಬೇಡ ಎಂದು ತಿಳಿಸಿತು.