ಸಾಹೇಬರನ್ನು ಗೆಲ್ಲಿಸುವ ಕೆಲಸ

ಆಸ್ಪತ್ರೆಯ ಬಿಳಿ ಕೋಟೊಂದರ ಜೇಬಿನಲ್ಲಿ, ಒಗೆತದ ಯಂತ್ರದಲ್ಲೂ ಒಡೆಯದೆ ಉಳಿದಿದ್ದ ಒಂದು ಪಿಂಗ್‌ಪಾಂಗ್ ಚೆಂಡು ಇಸ್ತ್ರಿಯವನ ಕಾಲ ಬುಡಕ್ಕೆ ಉರುಳಿದ್ದೇ ಎಲ್ಲ ಅನಾಹುತಕ್ಕೂ ಮೂಲ. ಅವನು ಸುಮ್ಮನೆ ಎತ್ತಿ ಜೇಬಿಗೆ ಹಾಕಿಕೊಂಡಿದ್ದರೆ ಮುಗಿಯುತ್ತಿತ್ತು. ಹಳೆಯ ಚಪಲ ನೋಡಿ! ಬಟ್ಟೆ ಬ್ರಷ್ಷಿನ ಬೆನ್ನಿನ ಮೇಲೆ ಟಪ್ ಟಪ್ ಎಂದು ಇಪ್ಪತ್ತು ಸಲ ಪುಟಿಸಿದ. ಇಪ್ಪತ್ತೊಂದನೆಯದಕ್ಕೆ ತಲೆ ಎತ್ತಿದರೆ ಎದುರಿಗೆ ಮ್ಯಾನೇಜರು.

"ಓಹೋ, ಆಡ್ತೀಯಾ?"

"ಏನೋ ಸ್ವಲ್ಪ, ಸಾರ್."

"ಸಾರ್ ಅನ್ಬೇಡ ಅಂತ ಎಷ್ಟು ಸಲ ಹೇಳೋದು? ಊಟದ ಬಿಡುವಿಗೆ ಬಾ, ನೋಡೇಬಿಡೋಣ."

ಇಸ್ತ್ರಿಯವನು ಚೆಂಡನ್ನು ಜೇಬಿಗೆ ತುರುಕಿದ. ಪರದೇಶದ ಆ ಲಾಂಡ್ರಿಯಲ್ಲಿ ಅವನ ಮೂರು ತಿಂಗಳ ಪರೀಕ್ಷಾವಧಿ ಮುಗಿಯುವುದು ಅಂದೇ. ಸಂಜೆ ನಾಲ್ಕಕ್ಕೆ ಮ್ಯಾನೇಜರು ಸಹಿ ಹಾಕಿದರೆ ಕೆಲಸ ಕಾಯಂ; ಕಾಯಂ ಆದವರಿಗೆಲ್ಲ ನದಿಯಾಚೆಯ ಹೊಸ ಲಾಂಡ್ರಿಯಲ್ಲಿ ಕೆಲಸ. ಆ ಕಾಗದ ಇದ್ದರೇ ಹೆಂಡತಿ ಮಗಳನ್ನು ಕರೆಸಿಕೊಳ್ಳಲು ಇಲ್ಲಿಯ ಸರ್ಕಾರದ ಒಪ್ಪಿಗೆ. ಬೆಳಗಾಗುತ್ತಲೇ ಹೆಂಡತಿಯ ಫೋನು ಬಂದಿತ್ತು: "ನಿಮ್ಮ ಮಗಳು ಸೂಟ್‌ಕೇಸ್ ಮೇಲೆ ಹತ್ತಿ ಕೂತಿದಾಳೆ ಕಣ್ರೀ. ಇಳಿ ಅಂದ್ರೆ, ಅಪ್ಪನ ಮನೇಲೇ ಇಳೀತೀನಿ ಅಂತಾಳೆ. ಸಹಿ ಆದ ತಕ್ಷಣ ಹೇಳಿ."

ಹೆದರಿಕೆಗೆ ಕಾರಣವೂ ಇತ್ತು. ಹಿಂದೆ ಊರಿನ ಕಾರ್ಖಾನೆಯಲ್ಲಿ ಮಾಲೀಕನನ್ನು ಒಮ್ಮೆ ಕೇರಂನಲ್ಲಿ ಸೋಲಿಸಿದ್ದ. ಕೆಂಪು ಕಾಯನ್ನು ಇವನು ಗುಳಿಗೆ ಬೀಳಿಸಿದ ಮರುದಿನವೇ ಆತ ಇವನನ್ನು ಗೇಟಿನಾಚೆ ಬೀಳಿಸಿದ್ದ. ಹನ್ನೆರಡು ವರ್ಷ ಸುರಿಸಿದ ಬೆವರು ಯಾರ ನೆನಪಿಗೂ ಬರಲಿಲ್ಲ. ಆಳಾದವನು ದುಡಿಯಬಹುದು, ಹಸಿಯಬಹುದು, ಯಂತ್ರಕ್ಕೆ ಬೆರಳು ಕೊಡಬಹುದು, ಗೆಲ್ಲುವಂತಿಲ್ಲ.

ಅವನು ಸೋದರಮಾವನ ಹತ್ತಿರ ಓಡಿದ. ಮಾವ ಅದೇ ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಿಸುತ್ತ ಆರು ವರ್ಷವಾಗಿತ್ತು. ಇನ್ನೂ ಕಾಯಂ ಆಗಿರಲಿಲ್ಲ. ಯಾಕೆಂದು ಕೇಳಿದರೆ ಬೆನ್ನುನೋವು ಎಂದು ಮಾತು ತೇಲಿಸುತ್ತಿದ್ದ.

"ಸೋತುಬಿಡು ಅಳಿಯಾ," ಎಂದ ಮಾವ ಅತ್ತಿತ್ತ ನೋಡುತ್ತ. "ಸೋಲೋದೇನು ನಮ್ಮ ವಂಶಕ್ಕೆ ಹೊಸದಾ? ಆದ್ರೆ ಬೇಕಂತ ಸೋತದ್ದು ಗೊತ್ತಾಗಬಾರದು. ಗೊತ್ತಾಯ್ತೋ, ಕೆಟ್ಟೆ!"

ಊಟದ ಕೋಣೆಯಲ್ಲಿ ಎಲ್ಲರೂ ಡಬ್ಬಿ ಹಿಡಿದು ಪಿಂಗ್‌ಪಾಂಗ್ ಮೇಜಿನ ಸುತ್ತ ನಿಂತಿದ್ದರು. ಮ್ಯಾನೇಜರು ಬ್ಯಾಟು ಬೀಸುತ್ತಿದ್ದುದು ನೊಣ ಹೊಡೆಯುವವರ ಹಾಗೆ. ಇಂಥವರಿಗೆ ಸೋಲುವುದೆಂದರೆ ತಮಾಷೆಯೇ? ಸುಮ್ಮನೆ ನಿಂತರೂ ಚೆಂಡು ತಾನಾಗಿ ಇವನ ಬ್ಯಾಟಿಗೆ ಬಡಿದು ಅಂಕ ತರುತ್ತಿತ್ತು. ಇವನು ಜಾರಿದ, ಸೀನಿದ, ಕಣ್ಣಿಗೆ ಧೂಳು ಬಿತ್ತೆಂದು ಉಜ್ಜಿಕೊಂಡ. ಕೊನೆಯ ಅಂಕಕ್ಕೆ ಬೇರೆ ದಾರಿ ಕಾಣದೆ ಬ್ಯಾಟನ್ನೇ ಕೈಬಿಟ್ಟ. ಹನ್ನೊಂದು–ಒಂಬತ್ತು. ಹೇಗೋ ಸೋತಿದ್ದ!

ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ವ್ಯಾನು ಓಡಿಸುವ ಹೆಂಗಸು, ಅದೇ ದೇಶದವಳು, ಚಮಚ ಕೆಳಗಿಟ್ಟಳು.

"ಬೇಕಂತ ಬಿಟ್ಟುಕೊಟ್ಟೆ, ಅಲ್ವಾ?"

"ಇಲ್ಲಮ್ಮಾ, ಕೈ ಬೆವರಿ..."

"ನಿಮ್ಮಲ್ಲಿ ಇದಕ್ಕೆ ಮರ್ಯಾದೆ ಅಂತೀರೇನೋ. ಇಲ್ಲಿ ಇದು ಮುಖಕ್ಕೆ ಉಗಿದ ಹಾಗೆ."

ಮ್ಯಾನೇಜರ ಮುಖ ಕಾದ ಇಸ್ತ್ರಿ ಪೆಟ್ಟಿಗೆಯಾಗಿತ್ತು. ನೀರು ಚಿಮುಕಿಸಿದ್ದರೆ ಚುರ್ರೆನ್ನುತ್ತಿತ್ತು. "ನಾನೇನು ಹಾಲು ಕುಡಿಯೋ ಮಗುವಾ, ಗೆಲ್ಲಿಸಿ ಸಮಾಧಾನ ಮಾಡೋಕೆ? ಆಟದಲ್ಲಿ ಮೋಸ ಮಾಡೋನು ಕೆಲಸದಲ್ಲಿ ಮಾಡದೆ ಬಿಡ್ತಾನಾ? ಇನ್ನೊಂದಾಟ ಆಡು, ನೆಟ್ಟಗೆ ಆಡು. ಇಲ್ಲಾಂದ್ರೆ ನಾಲ್ಕು ಗಂಟೆಗೆ ನನ್ನ ರೂಮಿನ ಕಡೆ ತಲೆ ಹಾಕ್ಬೇಡ."

ಇಸ್ತ್ರಿಯವನ ಕಣ್ಣ ಮುಂದೆ ಸೂಟ್‌ಕೇಸ್, ಅದರ ಮೇಲೆ ಕಾಲಾಡಿಸುತ್ತ ಕೂತ ಮಗಳು. ಮೂಲೆಯಲ್ಲಿ ಮಾವ ದಿಂಬಿನ ಚೀಲವೊಂದನ್ನು ಹಿಂಡುತ್ತಿದ್ದ. ಅದು ಆಗಲೇ ಒಣಗಿದ್ದು. ಇನ್ನು ಏನಾದರಾಗಲಿ ಎಂದು ಇವನು ಬ್ಯಾಟು ಬಿಗಿಹಿಡಿದ. ಹನ್ನೆರಡು ವರ್ಷದ ಸಿಟ್ಟು ಮುಂಗೈಗೆ ಇಳಿಯಿತು. ಚೆಂಡು ಮೇಜಿನ ಅಂಚು ಕಚ್ಚಿ ಕಚ್ಚಿ ಹಾರಿತು. ಹನ್ನೊಂದು–ಒಂದು. ಆ ಒಂದೂ ಬಲೆಗೆ ತಾಗಿ ಬಂದದ್ದು.

ಮ್ಯಾನೇಜರು ಮೇಜು ಸುತ್ತಿ ಬಂದರು. ಕಪಾಳಕ್ಕೆ ಬೀಳುತ್ತದೆಂದು ಇವನು ಕಣ್ಣು ಮುಚ್ಚಿದ. ಬಿದ್ದದ್ದು ಅಪ್ಪುಗೆ.

"ಎಂಥಾ ಆಟಾನಯ್ಯಾ ನಿಂದು!"

ಎಲ್ಲರೂ ಡಬ್ಬಿ ಬಡಿದು ಕೂಗಿದರು. ಯಜಮಾನನನ್ನು ಸೋಲಿಸಿ ಅವನ ಕೈಯಿಂದಲೇ ಬೆನ್ನು ತಟ್ಟಿಸಿಕೊಂಡದ್ದು ಹುಟ್ಟಿದ ಮೇಲೆ ಇದೇ ಮೊದಲು. ದೇಶ ಅಂದರೆ ಇದಪ್ಪಾ ಎಂದುಕೊಂಡು ಇವನು ಮೂರು ಗಂಟೆ ಕಾಲ ಇಸ್ತ್ರಿ ಮಾಡಲಿಲ್ಲ, ತೇಲಿದ.

ನಾಲ್ಕಕ್ಕೆ ಕಾಗದ ಕೈಗೆ ಬಂತು. ಸಹಿ ಇತ್ತು. ಅದರ ಮೇಲಿನ ಸಾಲು: ಪರೀಕ್ಷಾವಧಿ ಇನ್ನೂ ಮೂರು ತಿಂಗಳು ಮುಂದುವರಿಸಲಾಗಿದೆ.

"ಸಾರ್... ನಾನು ಗೆದ್ದೆನಲ್ಲ!"

"ಅದಕ್ಕೇ ಮತ್ತೆ! ಕಾಯಂ ಮಾಡಿದ್ರೆ ನೀನು ನದಿಯಾಚೆ ಹೋಗ್ಬಿಡ್ತೀಯ. ಆಮೇಲೆ ನಾನು ಯಾರ ಜೊತೆ ಆಡಲಿ? ನಿನ್ನನ್ನ ನ್ಯಾಯವಾಗಿ ಸೋಲಿಸಿದ ದಿನವೇ ಸಹಿ. ಮಾತು ಅಂದ್ರೆ ಮಾತು."

ಊರಿನ ಯಜಮಾನ ಗೆದ್ದವನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಇಲ್ಲಿಯ ಯಜಮಾನ ಗೆದ್ದವನನ್ನು ಹೊರಗೆ ಬಿಡುತ್ತಿಲ್ಲ. ದೇಶ ಬೇರೆ, ಆಟದ ನೀತಿ ಬೇರೆ. ಪೆನ್ನು ಮಾತ್ರ ಎರಡೂ ಕಡೆ ಯಜಮಾನನ ಜೇಬಿನಲ್ಲೇ.

ಇವನ ಜೇಬಿನಲ್ಲಿ ಫೋನು ನಡುಗಿತು. ಹೆಂಡತಿ. ತೆಗೆಯಲು ಧೈರ್ಯವಾಗದೆ ಇವನು ಮ್ಯಾನೇಜರನ್ನು ಸೀದಾ ಊಟದ ಕೋಣೆಗೆ ಕರೆದೊಯ್ದು ಬ್ಯಾಟು ಕೈಗಿತ್ತ.

"ಅಷ್ಟು ಬಿಗಿ ಹಿಡೀಬೇಡಿ ಸಾರ್. ಮೊಣಕೈ ಸ್ವಲ್ಪ ಕೆಳಗೆ. ನಾನು ಕಲಿಸ್ತೀನಿ. ಮೂರೇ ತಿಂಗಳು, ನೀವೇ ನನ್ನನ್ನ ಸೋಲಿಸ್ತೀರ."

ಪಕ್ಕದ ಮೇಜಿನಲ್ಲಿ ಮಾವ ಚದುರಂಗದ ಹಲಗೆ ಹರಡಿ ಸಾಹೇಬರಿಗಾಗಿ ಕಾಯಿ ಜೋಡಿಸುತ್ತಿದ್ದ. ತಲೆ ಎತ್ತದೆಯೇ ಹೇಳಿದ:

"ಕಲಿಸು ಅಳಿಯಾ, ಕಲಿಸು. ಇವರಿಗೆ ಕುದುರೆ ನಡೆಸೋದನ್ನ ನಾನೂ ಆರು ವರ್ಷದಿಂದ ಕಲಿಸ್ತಾನೇ ಇದೀನಿ."