ಮಾವನ ಅಂಟಾರ್ಕ್ಟಿಕಾ, ನಮ್ಮ ತೋಡಿನ ಕಟ್ಟ

ನಮ್ಮ ಮಾವನಿಗೆ ದಕ್ಷಿಣ ಧ್ರುವದಲ್ಲಿ ಒಂದು ಸೆಂಟ್ಸ್ ಜಾಗವೂ ಇಲ್ಲ. ಆದರೂ ಅಲ್ಲಿಯ ಆಡಳಿತದ ತಲೆಬಿಸಿ ಪೂರ್ತಿ ಅವರದ್ದೇ! ಬೆಳ್ತಂಗಡಿ ಪೇಟೆಗೆ ಮೆಣಸು ತರಲು ಹೋದವರು ಅಂಟಾರ್ಕ್ಟಿಕಾದ ವಿಷಯ ಮಾತಾಡಿ ಬರಿಗೈಯಲ್ಲಿ ಬಂದದ್ದುಂಟು. ಬಂಟ್ವಾಳದ ಬಸ್ಸಿನಲ್ಲಿ ಅವರ ಪಕ್ಕದ ಸೀಟು ಖಾಲಿ ಇದ್ದರೂ ಗುರುತಿನವರು ನಿಂತೇ ಹೋಗುತ್ತಾರೆ. ಮನೆಯಲ್ಲಾದರೂ ಕೂರುತ್ತಾರೆಯೇ? ಚಾವಡಿಯಿಂದ ಅಂಗಳಕ್ಕೆ, ಅಂಗಳದಿಂದ ಚಾವಡಿಗೆ! ಟಿ.ವಿ.ಯಲ್ಲಿ ಎಂತದ್ದೋ ಕಾರ್ಯಕ್ರಮ ನೋಡಿದಂದಿನಿಂದ ಹೀಗೆ.

"ಅಲ್ಲ ಮಾರಾಯ, ಆ ಹಿಮ ಯಾರಪ್ಪನದ್ದೂ ಅಲ್ಲ. ಅಲ್ಲಿಯ ಒಪ್ಪಂದಕ್ಕೆ ಯಾವ ದೇಶವೂ ಸೇರ್ಬಹುದು. ಆದ್ರೆ ತೀರ್ಮಾನ ಮಾಡುವಾಗ ಮಾತು ಯಾರಿಗೆ? ಹಡಗು ಕಳಿಸಿ ಅಲ್ಲಿ ಸಂಶೋಧನೆ ಮಾಡಿದವರಿಗೆ ಮಾತ್ರ! ಹಡಗಿಗೆ ಗತಿ ಇಲ್ಲದ ಬಡ ದೇಶ ಹಿಂದಿನ ಸಾಲಲ್ಲಿ ಕೂತು ತಲೆ ಆಡಿಸ್ಬೇಕಾ?"

"ನಮ್ಮ ದೇಶಕ್ಕೆ ಮಾತು ಉಂಟಲ್ಲ ಮಾವ?"

"ನಮಗೆ ಉಂಟು ಅಂತ ಬಾಯಿ ಮುಚ್ಚಿ ಕೂರುದಾ?"

ಮೂಡುಬಿದಿರೆಯ ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಯವರಿಗೆ ಐಸ್‌ಕ್ರೀಮಿನ ಕಪ್ಪು ಎತ್ತಿ ತೋರಿಸಿದರು. "ಇದು ಕರಗಿದ್ರೆ ನೀರು ಯಾರ ಎಲೆಗೆ? ಸಮುದ್ರದ ಬದಿಯ ಬಡವರ ಎಲೆಗೆ!" ಮಾತು ಮುಗಿಯುವಾಗ ಅದು ನಿಜಕ್ಕೂ ಕರಗಿ ಅವರ ಪಂಚೆಗೆ ಇಳಿದಿತ್ತು. ಎದುರಿನ ಸಾಲಿನಿಂದ ಅತ್ತೆ ಹೇಳಿದರು: "ಮನೆಯ ಫ್ರಿಜ್ಜಲ್ಲಿ ಐಸು ಕಟ್ಟಿ ಬಾಗಿಲು ಹಾಕ್ಲಿಕ್ಕಾಗುದಿಲ್ಲ. ಮೊದಲು ಅದರ ಆಡಳಿತ ನೋಡಿ!"

ಇಂಥ ಮಾವ ಸಿಕ್ಕಿಬಿದ್ದದ್ದು ಕಟ್ಟದ ದಿನ. ಮಳೆ ನಿಂತ ಮೇಲೆ ನಾವು ಊರಿನ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಅಡ್ಡ ಮಣ್ಣಿನ ಕಟ್ಟ ಹಾಕುತ್ತೇವೆ. ಬೇಸಿಗೆಗೆ ಆ ನೀರೇ ಗತಿ. ಮನೆಗೊಂದು ಆಳು ಬರಬೇಕು. ಸಂಜೆ ಎಲ್ಲರೂ ಕೂತು ನೀರಿನ ಸರದಿ ನಿಶ್ಚಯಿಸುತ್ತೇವೆ. ಆಳು ಕಳಿಸಿದ ಮನೆಗೆ ಮಾತ್ರ ಮಾತು. ಉಳಿದವರು ಕೂತು ಕೇಳಬಹುದು. ಈ ಕಾನೂನು ಮಾಡಿದ ಮಹಾನುಭಾವರು ಯಾರು? ನಮ್ಮ ಮಾವನೇ!

ಎಲ್ಲರೂ ನೀರಿಗಿಳಿಯುವ ಹೊತ್ತಿಗೆ ತೋಡಿನ ಕೊನೆಯ ಮನೆಯ ಕಮಲಕ್ಕ ಬಂದು ದಡದಲ್ಲಿ ನಿಂತರು. ಅವರ ಗಂಡ ಸೊಂಟ ಮುರಿದು ಮಲಗಿದ್ದರು. ಅವರನ್ನು ಬಿಟ್ಟು ಇಡೀ ದಿನ ಬರುವಂತಿಲ್ಲ, ಕೂಲಿಗೆ ಜನ ಇಡುವ ತ್ರಾಣವೂ ಇಲ್ಲ. ಹಿಂದಿನ ಬೇಸಿಗೆಯಲ್ಲಿ ಅವರ ಸರದಿ ಬರುವ ಮೊದಲೇ ಕಟ್ಟ ಬತ್ತಿ, ಬಸಳೆ, ಬಾಳೆ ಎಲ್ಲ ಒಣಗಿತ್ತು.

"ಅಣ್ಣಾ, ನಿಮ್ಮ ಅಂಟಾರ್ಕ್ಟಿಕಾ ನಾನೂ ಕೇಳಿದ್ದೇನೆ. ನನ್ನ ಹತ್ರ ಹಡಗಿಲ್ಲ. ನಾನೂ ಹಿಂದೆ ಕೂರುದಾ?"

ಮಾವ ಕಕ್ಕಾಬಿಕ್ಕಿ! ದಡದಲ್ಲಿ ಅತ್ತ ಹೋದರು, ಇತ್ತ ಬಂದರು. "ಆ ಕಾನೂನು ತೆಗೆಯುವ" ಎಂದರು. ಜನ ಬಿಟ್ಟಾರೆಯೇ?

"ಅದು ಹೇಗೆ ಆಗ್ತದೆ? ಬರುವ ವರ್ಷ ಒಬ್ಬನೂ ಇಳಿಯುದಿಲ್ಲ. ನೀವೇ ಮಾಡಿದ್ದಲ್ವಾ?"

ಮಾವ ಅಂಗಿ ಕಳಚಿದರು. "ಸರಿ. ಇವತ್ತು ನಾನು ಕಮಲನ ಮನೆಯ ಆಳು."

"ಹಾಗಾದ್ರೆ ನಿಮ್ಮ ಮನೆದ್ದು?"

"ನಮ್ಮ ಮನೆಯಿಂದ ಈ ವರ್ಷ ಆಳಿಲ್ಲ."

ಎಪ್ಪತ್ತು ದಾಟಿದ ಮೈ ಅದು! ನಮ್ಮದು ಬೇರೆ ಮನೆ; ನಾನು ಅದರ ಆಳಾಗಿ ಪಕ್ಕದಲ್ಲೇ ಇದ್ದೆ. ಬುಟ್ಟಿ ಕಸಿದುಕೊಳ್ಳಲು ಹೋದರೆ ಗದರಿದರು. ಸಂಜೆಯವರೆಗೂ ಮಣ್ಣು ಹೊತ್ತರು.

ಸಭೆಯಲ್ಲಿ ಕಮಲಕ್ಕ ಎದ್ದು ನಿಂತರು. "ಈ ಸಲ ಕೊನೆಯ ಮನೆಯಿಂದ ಸುರು ಮಾಡುವ." ಅಷ್ಟು ವರ್ಷ ಮೊದಲ ಸರದಿ ಯಾರದ್ದು? ಮಾವನದ್ದೇ! ಎಲ್ಲರೂ ಅವರ ಮುಖ ನೋಡಿದರು.

"ಮಾವ, ಎಂತಾದ್ರೂ ಹೇಳಿ" ಎಂದೆ ನಾನು.

ಅವರು ತುಟಿಯ ಮೇಲೆ ಬೆರಳಿಟ್ಟರು. ಆಳು ಕಳಿಸದ ಮನೆಯವರಲ್ಲವೇ! ಒಂದು ಗಳಿಗೆ ಕೂತು ಗೊತ್ತಿಲ್ಲದ ಮನುಷ್ಯ, ಕೆಸರುಗಾಲು ಮಡಚಿ, ಹಿಂದಿನ ಸಾಲಿನಲ್ಲಿ ಅಲುಗಾಡದೆ ಕೂತಿದ್ದರು. ನನಗೆ ಕಣ್ಣು ತುಂಬಿ ಬಂತು. ಕೊನೆಗೆ ಒಬ್ಬೊಬ್ಬರಾಗಿ "ಆಯ್ತು, ಕಮಲಕ್ಕನಿಗೇ ಮೊದಲು" ಎಂದಾಗ, ಮಾವ ಸುಮ್ಮನೆ ತಲೆ ಆಡಿಸಿದರು.