ಮಾಲೀಕರ ಮೂಗನ್ನು ಕಡಲ ಜೀವಿಗಳ ಪಟ್ಟಿಗೆ ಸೇರಿಸುವ ಬಗ್ಗೆ

ಇಂದ,
ದೇವರಾಜು, ಅತಿಥಿ ಉಪನ್ಯಾಸಕ (ಪ್ರಾಣಿಶಾಸ್ತ್ರ),
ಶಿವಮೂರ್ತಿಯವರ ಜೆರಾಕ್ಸ್ ಅಂಗಡಿಯ ಮಹಡಿ ಮನೆ (ಈ ತಿಂಗಳ ಕೊನೆಯವರೆಗೆ ಮಾತ್ರ),
ಗುಂಡ್ಲುಪೇಟೆ.

ಗೆ,
ಮಾನ್ಯ ಮುಖ್ಯಾಧಿಕಾರಿಗಳು,
ಕಡಲ ಜೀವಿಗಳ ಘ್ರಾಣಶಕ್ತಿ ಇಲಾಖೆ,
ಅರಬ್ಬೀ ಸಮುದ್ರ.

ವಿಷಯ: ನಮ್ಮ ಮನೆ ಮಾಲೀಕರಿಗೆ ಶಾರ್ಕ್‌ಗಿಂತ ಮೇಲಿನ ದರ್ಜೆ ನೀಡುವ ಕುರಿತು.

ಉಲ್ಲೇಖ: ಮಾಲೀಕರ ಮೌಖಿಕ ಆದೇಶ, ಕಳೆದ ಬುಧವಾರ ಸಂಜೆ, ಸ್ಥಳ: ಮೆಟ್ಟಿಲ ಬುಡ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಕಡಲನ್ನೇ ನೋಡದ ಮಕ್ಕಳಿಗೆ ಹತ್ತು ವರ್ಷದಿಂದ ಕಡಲ ಜೀವಿಗಳ ಪಾಠ ಮಾಡುತ್ತಿರುವ ನಾನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಶಾರ್ಕ್ ನೀರಿನಲ್ಲಿ ಕರಗಿದ ಅತ್ಯಲ್ಪ ರಕ್ತವನ್ನೂ ಮೂಸಿ ತಿಳಿಯುತ್ತದೆ. ಸಾಲ್ಮನ್ ಮೀನು ತಾನು ಹುಟ್ಟಿದ ಹೊಳೆಯನ್ನು ವಾಸನೆಯಿಂದ ಗುರುತಿಸಿ ಮರಳುತ್ತದೆ. ಆಕ್ಟೋಪಸ್ ತೋಳಿನಿಂದ ಮುಟ್ಟಿಯೇ ರುಚಿ ಅರಿಯುತ್ತದೆ. ಆದರೆ ಈ ಬಡಪಾಯಿಗಳಿಗೆಲ್ಲ ಯಾವುದಾದರೊಂದು ರಾಸಾಯನಿಕ ಬೇಕೇ ಬೇಕು.

2. ಎಂಟು ತಿಂಗಳಿಂದ ಪ್ರತಿ ಭಾನುವಾರ ನಮ್ಮಲ್ಲಿ ಒಣಮೀನಿನ ಸಾರು. "ಏನ್ರವ್ವಾ, ಗಮ್ ಅಂತದೆ! ಒಸಿ ನಮ್ಗೂ ಕಳ್ಸಿ" ಎಂದು ಶಿವಮೂರ್ತಿಯವರು ನನ್ನ ಹೆಂಡತಿ ಲಕ್ಷ್ಮಿದೇವಿಯನ್ನು ಕೇಳಿ ತರಿಸಿಕೊಂಡು ಉಂಡಿದ್ದಾರೆ.

3. ಜಾತಿ ಪ್ರಮಾಣಪತ್ರದ ಜೆರಾಕ್ಸನ್ನು ಕೆಳಗಿನ ಅಂಗಡಿಯಲ್ಲಿ ಮಾಡಿಸಬಾರದು, ಬಸ್ ಸ್ಟ್ಯಾಂಡಿನವರೆಗೆ ನಡೆದು ಮಾಡಿಸಬೇಕು ಎಂಬುದು ನಮ್ಮ ಮನೆಯ ನಿಯಮ. ಕಾರಣವನ್ನು ಮಗಳು ಶೃತಿಗೆ ನಾನು ಹೇಳಿರಲಿಲ್ಲ. ತಪ್ಪು ನನ್ನದೇ. ಸ್ಕಾಲರ್‌ಶಿಪ್‌ಗೆ ಕಡೆಯ ದಿನವೆಂಬ ಗಾಬರಿಯಲ್ಲಿ ಅವಳು ಬುಧವಾರ ಕೆಳಗೇ ಇಳಿದು ಶಿವಮೂರ್ತಿಯವರ ಕೈಯಲ್ಲೇ ಮೂರು ಪ್ರತಿ ತೆಗೆಸಿದಳು.

4. ಅಂದು ಸಂಜೆ ಮಾಲೀಕರು, "ಮೇಷ್ಟ್ರೇ, ಮೀನ್ ವಾಸ್ನೆ ತಡೆಯಕ್ಕಾಗಾಕಿಲ್ಲ. ತಿಂಗ್ಳು ತುಂಬುತ್ಲೂ ಮನೆ ಖಾಲಿ ಮಾಡ್ಬುಡಿ" ಎಂದರು. "ಇವತ್ತು ಉಪ್ಪಿಟ್ಟು ಕಣ್ ಸಾ" ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಭಾನುವಾರ ಸಾರು ಕಳಿಸಿದ್ದ ನಮ್ಮ ಬಟ್ಟಲನ್ನು ಕೈಗೆ ಕೊಡದೆ ಮೆಟ್ಟಿಲ ಮೇಲಿಟ್ಟು ಹೋದರು.

5. ಕಾರಣ, ಎಂಟು ತಿಂಗಳ ಮೀನಿಗೆ ಅರಳಿದ ಮೂಗು ಒಂದು ಹಾಳೆಗೆ ಮುಚ್ಚಿಕೊಂಡಿದೆ. ಒಣ ಕಾಗದದಲ್ಲಿ ಇಲ್ಲದ ಮೀನನ್ನು ಮೂಸುವ ಈ ಶಕ್ತಿ ಯಾವ ಸಮುದ್ರದಲ್ಲೂ ಇಲ್ಲ. ಆದ್ದರಿಂದ ಸದರಿಯವರಿಗೆ ಸೂಕ್ತ ದರ್ಜೆ ನೀಡಬೇಕು. ಸಾಧ್ಯವಾದರೆ ನೀರಿನಲ್ಲೇ ಇರಿಸಿಕೊಳ್ಳಬೇಕು.

6. ಬೇರೆ ಮನೆ ಹುಡುಕಿದ್ದೇನೆ. ಐದು ಕಡೆಯೂ ಬಾಗಿಲಲ್ಲೇ "ನೀವು ಯಾವ ಜನ ಸಾ?" ಎಂದು ಕೇಳಿದರು. ಮುಂದಿನ ತಿಂಗಳು ಶೃತಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ಅವಳೀಗ ಶಾಲೆಗೆ ಹೊರಡುವ ಮುನ್ನ ತನ್ನ ಯೂನಿಫಾರಂ ಮೂಸಿ ನೋಡಿಕೊಳ್ಳುತ್ತಾಳೆ. ಮೂಸುವ ಜೀವಿಗಳ ಪಾಠ ಮಾಡಿ ಅಭ್ಯಾಸವಿರುವ ನನಗೂ ಇದನ್ನು ನೋಡಲಾಗುತ್ತಿಲ್ಲ.

ಆದಕಾರಣ, ಕುಮಾರಿ ಶೃತಿಗೆ ಯಾವ ವಾಸನೆಯೂ ಇಲ್ಲವೆಂದು ಶಾರ್ಕ್‌ನ ಸಹಿಯುಳ್ಳ ಪ್ರಮಾಣಪತ್ರವೊಂದನ್ನು ಪರೀಕ್ಷೆಗೆ ಮುಂಚೆ ದಯಪಾಲಿಸಬೇಕಾಗಿ ಪ್ರಾರ್ಥನೆ.

ಇತಿ,
ಸದ್ಯಕ್ಕೊಂದು ವಿಳಾಸವಿರುವ ತಮ್ಮ ವಿಶ್ವಾಸಿ,
ದೇವರಾಜು

ಲಗತ್ತುಗಳು:
ಅ) ಸ್ಟೀಲ್ ಬಟ್ಟಲು, ಒಂದು (ತೊಳೆದಿದೆ; ಅವರೂ ತೊಳೆದಿದ್ದರು, ನಾವೂ ತೊಳೆದೆವು).
ಆ) ಜಾತಿ ಪ್ರಮಾಣಪತ್ರದ ಜೆರಾಕ್ಸ್, ಒಂದು. ಮೂಸಿ ನೋಡಬಹುದು.

ವಿ.ಸೂ.: ಶಾರ್ಕ್ ಸಹಿಯ ಪ್ರಮಾಣಪತ್ರದ ಮೂರು ಪ್ರತಿಗಳನ್ನು ದಯವಿಟ್ಟು ಅಲ್ಲಿಯೇ ತೆಗೆಸಿ ಕಳುಹಿಸುವುದು. ನಮ್ಮ ಬೀದಿಯಲ್ಲಿ ಜೆರಾಕ್ಸ್ ಮಾಡಿಸಲು ಮಗಳು ಒಪ್ಪುತ್ತಿಲ್ಲ.